ಅಕ್ಷತೆ ಬಿದ್ದ ಇದ್ದಿಲು

ನನ್ನ ಮೇಜಿನ ಮೇಲೆ, ಕನ್ನಡಕದ ಡಬ್ಬಿಯ ಪಕ್ಕದಲ್ಲಿ, ಒಂದು ಅರ್ಧ ಹರಳಿದೆ. ಅಕ್ಕಿಯಲ್ಲಿ ಸಿಗುತ್ತದಲ್ಲ, ಅಂಥ ಬಿಳಿ ಹರಳು. ಕಳೆದುಹೋಗಬಾರದೆಂದು ಹಳೆಯ ಓಲೆಯ ಡಬ್ಬಿಯೊಂದರಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ಮನೆಗೆ ಬಂದವರು ಡಬ್ಬಿ ತೆರೆದು, "ಏನ್ರೀ ಇದು, ವಜ್ರಾನಾ?" ಎನ್ನುತ್ತಾರೆ. ವಜ್ರವಲ್ಲ. ಆದರೂ ವಜ್ರ ಇಟ್ಟುಕೊಂಡವರಿಗಿಂತ ಹೆಚ್ಚು ಹೆಮ್ಮೆಯಿಂದ ನಾನು ಅದನ್ನು ತೋರಿಸುತ್ತೇನೆ. ನನ್ನ ಹೆಂಡತಿ ವಿಮಲಾ ಒಳಗಿನಿಂದಲೇ ಕೂಗುತ್ತಾಳೆ: "ಶುರು ಆಯ್ತು ಕಲ್ಲಿನ ಪುರಾಣ. ಕಾಫಿ ಕುಡಿದು ಕೂತ್ಕೊಳ್ಳಿ, ಬೇಗ ಮುಗಿಯಲ್ಲ."

ಬೇಗ ಮುಗಿಯುವುದಿಲ್ಲ, ನಿಜ. ನಾನು ನಿಧಾನದ ಮನುಷ್ಯ. ಸೌತ್ ಕ್ಯಾರೊಲೈನಾದಲ್ಲಿ ಸೇತುವೆಗಳ ತಪಾಸಣೆ ಮಾಡುವುದು ನನ್ನ ಕಸುಬು. ನೀವು ಒಂದು ನಿಮಿಷದಲ್ಲಿ ದಾಟಿಬಿಡುವ ಸೇತುವೆಯ ಕೆಳಗೆ ನಾನು ಇಡೀ ದಿನ ಟಾರ್ಚು, ಭೂತಗನ್ನಡಿ ಹಿಡಿದು ಬಿರುಕು ಹುಡುಕುತ್ತಿರುತ್ತೇನೆ. ಇಂಥವನಿಗೆ ಪಟಾಕಿಯ ಹವ್ಯಾಸ ಅಂಟಿಕೊಂಡಿತು ಎಂದರೆ ಯಾರೂ ನಂಬುವುದಿಲ್ಲ. ಮಗಳು ಸಿರಿಯಂತೂ ತಾನು ಓದುತ್ತಿರುವ ಸೆಂಟರ್‌ವಿಲ್‌ನ ಗೆಳತಿಯರಿಗೆ, "ಮೈ ಡ್ಯಾಡ್ ಮೇಕ್ಸ್ ಫೈರ್‌ವರ್ಕ್ಸ್, ಬಟ್ ವೆರಿ ಸ್ಲೋಲಿ" ಎಂದು ಪರಿಚಯಿಸುತ್ತಾಳಂತೆ.

ಅಂಟಿಸಿದವರು ಲಾರೆನ್ಸ್. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದವರು, ನನಗಿಂತ ಹತ್ತಾರು ವರ್ಷ ಹಿರಿಯರು, ಮಂಗಳೂರಿನ ಕಡೆಯವರು. ಅವರ ತಂದೆ ಚರ್ಚಿನ, ಅವರ ಮಾತಿನಲ್ಲಿ ಇಗರ್ಜಿಯ, ಹಬ್ಬಕ್ಕೆ ಗರ್ನಾಲು ಸಿಡಿಸುತ್ತಿದ್ದವರಂತೆ. ಗರ್ನಾಲೆಂದರೆ ಊರಿನ ಕಿಟಕಿಗಳೆಲ್ಲ ಒಮ್ಮೆ ಅದುರುವಂಥ ಸದ್ದಿನ ಸಿಡಿಮದ್ದು. ಕೊರೊನಾ ಬಂದ ವರ್ಷ, ಎಲ್ಲರೂ ಮನೆಯೊಳಗೆ ಕೂತು ಬೇಸತ್ತಿದ್ದಾಗ, ದೀಪಾವಳಿಗೆ ಅವರು ತಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಒಂದು ಹೂಕುಂಡ ಹಚ್ಚಿದರು. ಅಂಗಡಿಯದಲ್ಲ, ಅವರ ಪಟಾಕಿ ಕ್ಲಬ್ಬಿನವರೇ ಮಾಡಿದ್ದು. ಕಿಡಿಗಳು ಅಂಗಡಿಯ ಹೂಕುಂಡದಂತೆ ಫಕ್ಕನೆ ಹಾರಿ ಆರಲಿಲ್ಲ. ಬಂಗಾರದ ಬಣ್ಣದಲ್ಲಿ ಮೇಲೇರಿ, ಬಾಗಿ, ನೆಲ ಮುಟ್ಟುವವರೆಗೂ ಉರಿಯುತ್ತ ಇಳಿದವು. ನಾನು ಮಾಸ್ಕಿನೊಳಗೇ ಬಾಯಿ ತೆರೆದು ನಿಂತಿದ್ದೆ.

"ಇದು ಹೇಗೆ ಇಷ್ಟು ಹೊತ್ತು ಉರಿಯತ್ತೆ ಸರ್?" ಎಂದು ಕೇಳಿದೆ.

"ಇದ್ದಿಲು ಮಾರಾಯ್ರೆ, ಬರೀ ಇದ್ದಿಲು. ಅದನ್ನು ಎಷ್ಟು ನುಣ್ಣಗೆ ಮಾಡ್ತೀರಿ ಅದರಲ್ಲಿ ಉಂಟು ಎಲ್ಲ."

ಆ ಒಂದು ಮಾತಿಗೆ ನಾನು ಬಿದ್ದೆ. ಅವರ ಕ್ಲಬ್ಬಿಗೆ ಪರವಾನಗಿ ಇತ್ತು, ಊರಾಚೆ ಒಂದು ದೊಡ್ಡ ಬಯಲಿತ್ತು, ಓದಿ ಪರೀಕ್ಷೆ ಕೊಡಬೇಕಾದ ನಿಯಮಗಳಿದ್ದವು. ಇದ್ದಿಲಿಗೆ ಮದ್ದು ಬೆರೆಸುವ ಮಿಶ್ರಣದ ಕೆಲಸ ಲಾರೆನ್ಸ್ ಅವರಂಥ ಪಳಗಿದವರದು. ಹೊಸಬನಾದ ನನ್ನ ಪಾಲಿಗೆ ಇದ್ದಿಲು ಪುಡಿ ಮಾಡುವ ಕೆಲಸ ಬಂತು. ಅದಕ್ಕೊಂದು ಬಾಲ್ ಮಿಲ್ ಬೇಕು. ಕಾಣದವರಿಗೆ ಹೇಳುವುದಾದರೆ, ಅದೊಂದು ಮುಚ್ಚಿದ ಪೀಪಾಯಿ. ಎರಡು ಉರುಳೆಗಳ ಮೇಲೆ ಅಡ್ಡ ಮಲಗಿರುತ್ತದೆ. ಮೋಟಾರು ಉರುಳೆಯನ್ನು ತಿರುಗಿಸಿದರೆ ಪೀಪಾಯಿಯೂ ತಿರುಗಿ, ಒಳಗಿನ ಗುಂಡುಗಳು ಏರಿ ಏರಿ ಬಿದ್ದು, ಹಾಕಿದ್ದನ್ನು ಪುಡಿಗುಟ್ಟುತ್ತವೆ.

"ಮನೇಲಿ ಗ್ರೈಂಡರ್ ಇದೆಯಲ್ಲ, ಇನ್ನೊಂದ್ಯಾಕೆ?" ಎಂದಳು ವಿಮಲಾ. ಕೇಳಿದ ಮೇಲೆ ತನಗೇ ಗಾಬರಿಯಾಗಿ, "ನನ್ನ ಗ್ರೈಂಡರ್ ಮುಟ್ಟಿದ್ರೆ ನೋಡಿ!" ಎಂದು ಸೇರಿಸಿದಳು.

ನನ್ನ ಮೊದಲನೆಯ ಗಿರಣಿ, ನಗಬೇಡಿ, ಮಕ್ಕಳ ಆಟದ ಸಾಮಾನು. ನದಿಯ ಕಲ್ಲುಗಳನ್ನು ಉಜ್ಜಿ ಹೊಳಪು ಬರಿಸುವ ಯಂತ್ರ. ಡಬ್ಬದ ಮೇಲೆ ಮುಂದಿನ ಎರಡು ಹಲ್ಲಿಲ್ಲದ ಹುಡುಗನೊಬ್ಬ ನಗುತ್ತಿದ್ದ. ಒಂದು ಮುಷ್ಟಿ ಇದ್ದಿಲು ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಬೆಲ್ಟು ಜಾರುತ್ತಿತ್ತು, ಮೋಟಾರು ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತಿತ್ತು. ಮೊದಲ ಸಲ ಅದನ್ನು ಕ್ಲಬ್ಬಿಗೆ ಒಯ್ದಾಗ ಲಾರೆನ್ಸ್ ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಂತ ಮೂರ್ತಿಯವರೇ, ಇದರಲ್ಲಿ ಇಡ್ಲಿಗೆ ಕಡೀಲಿಕ್ಕಾ?" ಎಂದರು.

ದೊಡ್ಡದನ್ನು ಕೊಳ್ಳಬೇಕೆಂದು ನಿರ್ಧರಿಸಿದೆ. ನಿರ್ಧಾರವೇನೋ ಒಂದೇ ದಿನದಲ್ಲಿ ಆಯಿತು, ಆಯ್ಕೆಗೆ ಒಂದಿಡೀ ಚಳಿಗಾಲ ಹಿಡಿಯಿತು. ಆ ಚಳಿಗಾಲದಲ್ಲೇ, ಗುಡ್ಡದ ಸೀಮೆಯ ಕುಂಬಾರನೊಬ್ಬ ತನ್ನ ಹಳೆಯ ಬಾಲ್ ಮಿಲ್ಲನ್ನು ಮಾರುವುದಾಗಿ ತಿಳಿಯಿತು. ನೋಡಲು ಹೋದೆವು. ಗಟ್ಟಿಮುಟ್ಟಾದ ಯಂತ್ರ, ಕೇಳಿದ ಬೆಲೆಯೂ ನ್ಯಾಯದ್ದೇ. ನಾನು ಎಲ್ಲ ಮುಟ್ಟಿ ನೋಡಿ, ಕೊನೆಗೆ ಇಂಗ್ಲಿಷಿನಲ್ಲಿ, "ಇದರಲ್ಲಿ ಮುಂಚೆ ಏನು ಬೀಸಿದ್ದೀರಿ?" ಎಂದು ಕೇಳಿದೆ. ಮಡಕೆಗೆ ಬಳಿಯುವ ಮೆರುಗಿನ ಪುಡಿ ಎಂದ. ಎಂದರೆ ಹೆಚ್ಚುಕಡಿಮೆ ಮರಳು, ಗಾಜು; ಸಿಡಿಮದ್ದಿನಲ್ಲಿ ಸೇರಿದರೆ ಉಜ್ಜಿ ಕಿಡಿ ಹಾರಿಸಬಹುದಾದವು. ನಾನು ಕೈಮುಗಿದು ಹಿಂತಿರುಗಿದೆ. "ತೊಳೆದ್ರೆ ಹೋಗಲ್ವೇನ್ರೀ?" ಎಂದು ವಿಮಲಾ ಕಾರಿನಲ್ಲಿ ದಾರಿಯುದ್ದಕ್ಕೂ ಕೇಳಿದಳು.

ಮುಂಚೆ ಏನು ಬೀಸಿದ್ದೀರಿ ಎಂಬ ಪ್ರಶ್ನೆ ನನ್ನದಲ್ಲ, ನಮ್ಮಮ್ಮನದು. ಮೈಸೂರಿನಲ್ಲಿ ನಾವಿದ್ದ ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇತ್ತು. ಶನಿವಾರ ಮಧ್ಯಾಹ್ನ ಗೋಧಿಯ ಡಬ್ಬ ಹೊತ್ತು ಹೋಗುವುದು ನನ್ನ ಪಾಳಿ. ಹೊಸಿಲು ದಾಟುವಾಗ ಅಮ್ಮ ಹಿಂದಿನಿಂದ ತಪ್ಪದೆ ಹೇಳುತ್ತಿದ್ದಳು: "ಮುಂಚೆ ಏನು ಬೀಸಿದ್ರಿ ಅಂತ ಕೇಳು. ಮೆಣಸಿನಕಾಯಿ ಆದ್ಮೇಲೆ ಹಾಕಿಸ್ಬೇಡ." ಒಮ್ಮೆ ಗೋಲಿ ಆಡುವ ಆತುರದಲ್ಲಿ ಕೇಳದೆ ಹಾಕಿಸಿಬಿಟ್ಟೆ. ಆ ವಾರವಿಡೀ ನಮ್ಮ ಮನೆಯ ಚಪಾತಿ ಖಾರ. ಅಪ್ಪ ಒಂದೊಂದು ತುತ್ತಿಗೂ ನೀರು ಕುಡಿಯುತ್ತ, "ಬರೀ ಚಪಾತಿ ಸಾಕು ಕಣೆ, ಪಲ್ಯ ಉಳೀತು" ಎನ್ನುತ್ತಿದ್ದರು. ನನ್ನ ತಂಗಿ ಈಗಲೂ ಫೋನಿನಲ್ಲಿ ನನ್ನನ್ನು ಖಾರದ ಚಪಾತಿ ಎಂದೇ ಕರೆಯುತ್ತಾಳೆ. ಗಿರಣಿ ಮರೆಯುವುದಿಲ್ಲ, ಹಿಂದೆ ಹಾಕಿದ್ದನ್ನು ಮುಂದಿನವರಿಗೆ ಕೊಟ್ಟೇ ಕೊಡುತ್ತದೆ. ಈ ಪಾಠ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಗಲಿಲ್ಲ.

ಅಂತೂ ಹೊಸತನ್ನೇ ಕೊಂಡು ಕ್ಲಬ್ಬಿನ ಬಯಲಿನ ಶೆಡ್ಡಿನಲ್ಲಿಟ್ಟೆ. ಉಕ್ಕಿನ ಚೌಕಟ್ಟು, ಅಲುಗದ ಉರುಳೆಗಳು, ದಪ್ಪ ರಬ್ಬರಿನ ಪೀಪಾಯಿ. ಮೋಟಾರಿನ ಮೇಲೆ ಯಾವಾಗ ಕೈಯಿಟ್ಟರೂ ತಣ್ಣಗಿರಬೇಕೆಂದು ಅದಕ್ಕೊಂದು ಗಾಳಿಯ ರೆಕ್ಕೆಯನ್ನೂ ನಾನೇ ಜೋಡಿಸಿದೆ. ತಿರುಗುವಾಗ ಅದರ ಸದ್ದು, ಚೌಕಾಬಾರದ ಕವಡೆಗಳನ್ನು ಅಂಗೈಯೊಳಗೆ ಕುಲುಕಿದಂತೆ. ಪೀಪಾಯಿಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 'ಇದ್ದಿಲು ಮಾತ್ರ' ಎಂದು ಕನ್ನಡದಲ್ಲೂ, ಅದರ ಕೆಳಗೆ ಇಂಗ್ಲಿಷಿನಲ್ಲೂ ಬರೆದೆ. ಕ್ಲಬ್ಬಿನ ಅಮೆರಿಕನ್ನರು ಮೇಲಿನ ಸಾಲನ್ನು ನನ್ನಿಂದ ಓದಿಸಿ, ಅದು ಗಿರಣಿಯ ಹೆಸರೆಂದು ತಿಳಿದರು. 'ಇದ್ದಿಲು' ಅವರ ಬಾಯಲ್ಲಿ 'ಇಡ್ಲಿ' ಆಯಿತು. "ಹೇ ಮೂರ್ತಿ, ಈಸ್ ಇಡ್ಲಿ ರನ್ನಿಂಗ್ ಟುಡೇ?" ಲಾರೆನ್ಸ್ ಅವರು ಹೊಟ್ಟೆ ಹಿಡಿದು ನಕ್ಕರು. "ನಾನು ಮೊದಲೇ ಹೇಳಿದ್ದಲ್ಲವಾ?"

ಎರಡು ಭಾಷೆಯಲ್ಲಿ ಬರೆಯುವಷ್ಟು ಎಚ್ಚರಿಕೆ ಏಕೆಂದು ನೀವು ಕೇಳಬಹುದು. ಅದನ್ನೂ ಹೇಳುತ್ತೇನೆ, ಕಂಡದ್ದಷ್ಟನ್ನೇ.

ಹೊಸ ಗಿರಣಿ ಕೊಳ್ಳುವ ಮುಂಚಿನ ವಸಂತದಲ್ಲಿ ನಾವು ಬೇರೊಂದು ಗುಂಪಿನವರ ಬಯಲಿಗೆ ಅತಿಥಿಗಳಾಗಿ ಹೋಗಿದ್ದೆವು. ಅಲ್ಲಿ ಒಬ್ಬರ ಗಿರಣಿ ದೂರದ ಮಣ್ಣಿನ ದಿಬ್ಬದ ಹಿಂದೆ ತಾನಾಗಿ ತಿರುಗುತ್ತಿತ್ತು. ಅದರಲ್ಲಿದ್ದದ್ದು ಬರೀ ಇದ್ದಿಲಲ್ಲ, ಸಿಡಿಮದ್ದಿನ ಮಿಶ್ರಣ. ಹತ್ತಿರ ಯಾರೂ ಇರಲಿಲ್ಲ, ಇರಕೂಡದೆಂಬುದೇ ನಿಯಮ. ನಾವು ಊಟದ ಮೇಜಿನಲ್ಲಿದ್ದೆವು. ಮೊದಲು ಎದೆಗೆ ಯಾರೋ ಅಂಗೈಯಿಂದ ನೂಕಿದಂತಾಯಿತು. ಆಮೇಲೆ ಸದ್ದು. ದಿಬ್ಬದ ಮೇಲಿಂದ ಬೂದು ಹೊಗೆ ಎದ್ದಿತು. ನನ್ನ ಕೈಯಲ್ಲಿದ್ದ ನಿಂಬೆ ಪಾನಕದ ಲೋಟ ನೆಲಕ್ಕೆ ಬಿದ್ದಿತ್ತು. ಅದು ಬಿದ್ದದ್ದು ನನಗೆ ತಿಳಿದಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಗಿರಣಿಯ ಯಜಮಾನ ಹುಲ್ಲಿನ ಮೇಲೆ ಕೂತು, "ಎಲ್ಲ ಸರಿಯಾಗೇ ಮಾಡಿದ್ದೆ, ಎಲ್ಲ ಸರಿಯಾಗೇ ಮಾಡಿದ್ದೆ" ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಾರಣ ಏನೆಂದು ಕೊನೆಗೂ ತಿಳಿಯಲಿಲ್ಲ. ಸೇತುವೆಯ ಕೆಲಸದಲ್ಲಿ ಬಿರುಕಿಗೊಂದು ಕಾರಣ ಸಿಕ್ಕರೆ ನಿದ್ದೆ ಬರುತ್ತದೆ. ಇಲ್ಲಿ ಕಾರಣ ಸಿಗಲಿಲ್ಲ. ಆ ದಿನದಿಂದ, ಕುಕ್ಕರ್ ಕೂಗಿದರೂ ನನ್ನ ಬೆರಳುಗಳು ಒಮ್ಮೆ ಮುದುಡುತ್ತವೆ. ಹವ್ಯಾಸವನ್ನೇ ಬಿಟ್ಟುಬಿಡುತ್ತೇನೆಂದು ವಿಮಲಾ ತಿಳಿದಿದ್ದಳು. ಬಿಡಲಿಲ್ಲ. ನನ್ನ ಗಿರಣಿಗೆ ಇದ್ದಿಲಲ್ಲದೆ ಬೇರೇನೂ ಹೋಗಕೂಡದು ಎಂದು ಗೆರೆ ಎಳೆದುಕೊಂಡೆ.

ಇನ್ನು ಹರಳಿನ ಕಥೆಗೆ ಬರುತ್ತೇನೆ.

ನಾನು ಕ್ಲಬ್ಬು ಸೇರಿದ ಮೂರು ವರ್ಷಕ್ಕೆ ಲಾರೆನ್ಸ್ ಅವರು ಇಲ್ಲಿನ ಮನೆ ಖಾಲಿ ಮಾಡಿ ಮಗನಿರುವ ದೂರದ ಲ್ಯಾನ್‌ಹ್ಯಾಮ್ ಊರಿಗೆ ಹೋಗುವವರಿದ್ದರು. ದೀಪಾವಳಿಯ ಹೊತ್ತಿಗೆ ಬಯಲಿನಲ್ಲಿ ನಡೆಯುವ ಪ್ರದರ್ಶನ ಅವರ ಕೈಯಿಂದ ಕಡೆಯದು. ಅದರಲ್ಲಿ ಒಂದು ಬಾಣ ನನ್ನ ಹೆಸರಿನಲ್ಲಿ ಹಾರಲಿ ಎಂದು ಅವರೇ ಹೇಳಿದ್ದರು. ಇದ್ದಿಲು ನನ್ನದು, ಉಳಿದದ್ದೆಲ್ಲ ಅವರದು. ಆಕಾಶದಲ್ಲಿ ಒಡೆದು ಬಂಗಾರದ ಎಳೆಗಳು ನಿಧಾನವಾಗಿ ಕೆಳಗಿಳಿಯುವಂಥದ್ದು. ಅದಕ್ಕೆ ಹೆಸರಿಟ್ಟವಳು ವಿಮಲಾ: ಮೊಗ್ಗಿನ ಜಡೆ. ಮೂರು ವರ್ಷ ಬರೀ ಪುಡಿ ಮಾಡಿಕೊಟ್ಟವನಿಗೆ ಮೊದಲ ಸಲ ಆಕಾಶದಲ್ಲೊಂದು ಜಾಗ ಸಿಕ್ಕಿತ್ತು. ನೆರೆಮನೆಯವರ ಹಿತ್ತಿಲಲ್ಲಿ ಬಿದ್ದ ಮರವನ್ನು ಬೇಸಗೆಯೆಲ್ಲ ಒಣಗಿಸಿ ಸುಟ್ಟು ಇದ್ದಿಲು ಮಾಡಿಟ್ಟಿದ್ದೆ. ಇದ್ದದ್ದು ಅದೊಂದೇ ಸಲಕ್ಕೆ ಆಗುವಷ್ಟು. ಬಾಣ ಕಟ್ಟಿ ಒಣಗಲು ವಾರಗಟ್ಟಲೆ ಬೇಕಾದ್ದರಿಂದ ಪುಡಿ ಆಯುಧಪೂಜೆಯ ಹೊತ್ತಿಗೇ ಅವರ ಕೈಸೇರಬೇಕಿತ್ತು.

ಆಯುಧಪೂಜೆ ಎಂದ ಮೇಲೆ ಗಿರಣಿಗೆ ಪೂಜೆ ಬೇಡವೇ? ಇಲ್ಲಿ ಹಬ್ಬಗಳೆಲ್ಲ ಶನಿವಾರಕ್ಕೇ ಬರುವುದು ನಿಮಗೆ ಗೊತ್ತಲ್ಲ. ಆ ಶನಿವಾರ ಬೆಳಿಗ್ಗೆ ವಿಮಲಾ, ರಜೆಗೆ ಬಂದಿದ್ದ ಸಿರಿ, ನಾನು, ಹೂವು, ಕುಂಕುಮ, ನಿಂಬೆಹಣ್ಣು, ಗಂಟೆ, ಕರ್ಪೂರ ಎಲ್ಲ ಹೊತ್ತು ಬಯಲಿಗೆ ಹೋದೆವು. ಕರ್ಪೂರ ಕಂಡದ್ದೇ ಲಾರೆನ್ಸ್ ಅವರು ಕಾರ್ ನಿಲ್ಲಿಸುವ ಜಾಗದಲ್ಲೇ ನಮ್ಮನ್ನು ತಡೆದರು. ಬೂಟಿನ ತುದಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು.

"ಬೆಂಕಿ ಈ ಗೆರೆಯಿಂದ ಆಚೆ. ನನ್ನ ದೇವರ ಮೇಣದಬತ್ತಿಗೂ ಅಷ್ಟೇ, ನಿಮ್ಮ ಕರ್ಪೂರಕ್ಕೂ ಅಷ್ಟೇ."

"ಆರತಿ ಇಲ್ದೆ ಪೂಜೆ ಹೇಗೆ ಮಾಡೋದು?" ಎಂದಳು ವಿಮಲಾ.

"ದೇವರ ಕಣ್ಣು ದೂರ ಕಾಣ್ತದೆ ವಿಮಲಮ್ಮ. ಇಲ್ಲಿಂದಲೇ ತೋರಿಸಿ."

ಹಾಗೇ ಆಯಿತು. ಪೀಪಾಯಿಗೆ ಇದ್ದಿಲಿನ ತುಂಡುಗಳನ್ನು ತುಂಬಿದ್ದೆ. ಮುಚ್ಚಳಕ್ಕೂ ಕುಂಕುಮ ಇಡಬೇಕೆಂದು ವಿಮಲಾ ಅದನ್ನು ಪಕ್ಕದಲ್ಲಿಟ್ಟಿದ್ದಳು. ನಿಂಬೆಹಣ್ಣು ಎಲ್ಲಿಡುವುದೆಂಬ ಚರ್ಚೆ ನಡೆಯಿತು. ಈ ಯಂತ್ರಕ್ಕೆ ಚಕ್ರಗಳಿಲ್ಲ, ಹರಿಸುವುದು ಹೇಗೆ? ಕೊನೆಗೆ ಅದನ್ನು ಹಿಂಡಿ ಪಾನಕ ಮಾಡುವುದೆಂದು ಸಿರಿ ತೀರ್ಪು ಕೊಟ್ಟಳು. ವಿಮಲಾ ಹೂವೇರಿಸಿ, ಗಂಟೆ ಬಾರಿಸಿ, ಅಕ್ಷತೆ ಹಾಕಿದಳು. ಆಮೇಲೆ ನಾವೆಲ್ಲ ಗೆರೆಯಾಚೆ ನಡೆದು ಹೋಗಿ, ಅಲ್ಲಿಂದ ಗಿರಣಿಯ ಕಡೆಗೆ ಆರತಿ ಎತ್ತಿದೆವು. ಕ್ಲಬ್ಬಿನವರು ಟೋಪಿ ತೆಗೆದು ನಿಂತಿದ್ದರು. ನಾನು ಕರ್ಪೂರ ಪೂರ್ತಿ ಆರುವವರೆಗೂ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಅಷ್ಟೂ ಜನ ಬೆಂಕಿಯನ್ನೇ ಕಾದೆವು. ಅಕ್ಕಿಯನ್ನು ಯಾರೂ ಕಾಯಲಿಲ್ಲ.

ಹಿಂತಿರುಗಿ, ಮೇಜಿನ ಮೇಲಿದ್ದ ಅಕ್ಷತೆಯನ್ನು ಬಳಿದು, ಮುಚ್ಚಳ ಬಿಗಿದು ಗಿರಣಿ ಹಾಕಿದೆವು. ಇಡ್ಲಿ ಹಬ್ಬದ ಖುಷಿಯಲ್ಲಿ ತಿರುಗಿತು. ಮಧ್ಯಾಹ್ನ ನಿಲ್ಲಿಸಿ, ತೆರೆದು, ಜರಡಿ ಹಿಡಿದೆ. ಪುಡಿ ರೇಷ್ಮೆಯಂತೆ ಇಳಿಯಿತು. ಲಾರೆನ್ಸ್ ಅವರು ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು. ಅವರು ಹೊಗಳುವವರಲ್ಲ. "ಹ್ಞಾಂ" ಎಂದರು. ಆ "ಹ್ಞಾಂ" ನನಗೆ ಪದಕ.

ಆಮೇಲೆ ಜರಡಿಯ ಮೇಲೆ ಉಳಿದದ್ದನ್ನು ನೋಡಿದೆ. ಮಸಿ ಮೆತ್ತಿದ ಒಂದು ಬಿಳಿ ಚೂರು. ಅಕ್ಕಿ ಎಂದುಕೊಂಡೆ. ಉಗುರಿನಿಂದ ಒತ್ತಿದೆ, ಪುಡಿಯಾಗಲಿಲ್ಲ. ನಮ್ಮವರಿಗೆ ಇದಕ್ಕೆ ಒಂದೇ ಪರೀಕ್ಷೆ ಗೊತ್ತು. ಹಲ್ಲಿನ ನಡುವೆ ಇಟ್ಟೆ. ಕಟಕ್! ಊಟದ ನಡುವೆ ಇಡೀ ಪಂಕ್ತಿಯೇ ತಿರುಗಿ ನೋಡುವ ಆ ಸದ್ದು. ನನ್ನ ತುಟಿ ಕಪ್ಪಾಗಿದ್ದು ಕಂಡು ಸಿರಿ ನಗುತ್ತಿದ್ದಳು. ನನ್ನ ಬೆರಳುಗಳು ಮುದುಡಿದ್ದವು.

ಜೇಬಿನಿಂದ ಭೂತಗನ್ನಡಿ ತೆಗೆದೆ. ಬಿರುಕು ನೋಡುವವರಿಗೆ ಮೊದಲು ಕಲಿಸುವುದು ಇದನ್ನೇ: ಹಳೆಯ ಮೈ ಮಂಕು, ಹೊಸದಾಗಿ ಮುರಿದದ್ದು ಹೊಳೆಯುತ್ತದೆ. ಹರಳಿನ ಮೂರು ಕಡೆ ಮಂಕು, ಉರುಟು. ಒಂದು ಕಡೆ ಮಾತ್ರ ಚಪ್ಪಟೆ, ಹೊಳಪು. ಅದು ನನ್ನ ಹಲ್ಲಿಗೆ ಸಿಕ್ಕಿ ಮುರಿದದ್ದಲ್ಲ; ಆ ಹೊಳೆವ ಮೈಗೂ ಇದ್ದಿಲಿನ ಪುಡಿ ಮೆತ್ತಿತ್ತು, ಎಂದರೆ ಮುರಿದದ್ದು ಗಿರಣಿಯೊಳಗೇ.

ಹರಳನ್ನೂ ಭೂತಗನ್ನಡಿಯನ್ನೂ ಲಾರೆನ್ಸ್ ಅವರಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇನ್ನರ್ಧ?"

"ಇದರೊಳಗೇ ಇದೆ," ಎಂದು ಪುಡಿಯ ಡಬ್ಬ ತೋರಿಸಿದೆ.

ವಿಮಲಾ ಬಾಯಿಗೆ ಕೈ ಹಿಡಿದಳು. "ಅಕ್ಷತೆ ರೀ! ನಾರ್‌ಕ್ರಾಸ್‌ನ ಅಂಗಡಿಯಿಂದ ತಂದ ಸೋನಾ ಮಸೂರಿ ಅಕ್ಕಿ. ಆದ್ರೆ ನಾನು ಒಂದೊಂದೇ ಕಾಳು ಆರಿಸಿದ್ನಲ್ಲ!"

"ಕಲ್ಲು ಕಾಣ್ಲಿಲ್ವಾ?"

"ಕಲ್ಲು ಯಾರು ನೋಡ್ತಾರೆ? ಅಕ್ಷತೆ ಅಂದ್ರೆ ಮುರೀದೇ ಇರೋದು. ಮುರಿದ ಕಾಳೆಲ್ಲ ತೆಗೆದೆ. ಇದು ಮುರಿದಿರ್ಲಿಲ್ಲ ರೀ!"

ಅವಳ ಮಾತು ಅಕ್ಷರಶಃ ಸರಿ. ಊಟದ ಅಕ್ಕಿಯಲ್ಲಿ ನಾವು ಕಲ್ಲು ಹುಡುಕುತ್ತೇವೆ, ಅಕ್ಷತೆಯ ಅಕ್ಕಿಯಲ್ಲಿ ನುಚ್ಚು ಹುಡುಕುತ್ತೇವೆ. ಈ ಹರಳು ಬೆಳ್ಳಗೆ, ಇಡಿಯಾಗಿ, ಅರಿಸಿನ ಹಚ್ಚಿಸಿಕೊಂಡು, ಶಾಸ್ತ್ರೋಕ್ತವಾಗಿ ಅಕ್ಷತೆಯೆಂದು ಉತ್ತೀರ್ಣವಾಗಿತ್ತು.

"ಅಪ್ಪ, ಇಟ್ಸ್ ಒನ್ ಟೈನಿ ಸ್ಟೋನ್," ಎಂದಳು ಸಿರಿ. ನಗು ನಿಂತಿತ್ತು. "ಅಂಕಲ್‌ದು ಲಾಸ್ಟ್ ಶೋ. ಇನ್ನೊಂದ್ಸಲ ಜರಡಿ ಮಾಡಿದ್ರೆ ಆಗಲ್ವಾ?"

ಅರ್ಧ ಹರಳು ಅಷ್ಟು ನುಣ್ಣಗಾದ ಮೇಲೆ ಜರಡಿಗೆ ಕಲ್ಲೂ ಒಂದೇ ಇದ್ದಿಲೂ ಒಂದೇ. ಇದ್ದಿಲಿನಲ್ಲಿ ಕಲ್ಲಿದ್ದರೆ ಏನೂ ಆಗುವುದಿಲ್ಲ. ಆದರೆ ಈ ಇದ್ದಿಲನ್ನು ಉಳಿದವುಗಳೊಡನೆ ಬೆರೆಸಬೇಕಾದದ್ದು ಲಾರೆನ್ಸ್ ಅವರ ಕೈಗಳು. ಕಲ್ಲಿನ ಪುಡಿ ಉಜ್ಜಿ ಕಿಡಿ ಹುಟ್ಟದಿರಬಹುದು, ಬಹುಶಃ ಹುಟ್ಟುವುದಿಲ್ಲ. "ಎಲ್ಲ ಸರಿಯಾಗೇ ಮಾಡಿದ್ದೆ" ಎಂದು ಹುಲ್ಲಿನ ಮೇಲೆ ಕೂತಿದ್ದ ಆ ಮನುಷ್ಯನ ಮುಖ ನೆನಪಾಯಿತು. ಅವನಿಗೆ ಕಾರಣ ಸಿಕ್ಕಿರಲಿಲ್ಲ. ನನಗೆ ಮೊದಲೇ ಸಿಕ್ಕಿತ್ತು, ಅಂಗೈಯಲ್ಲಿತ್ತು.

ಲಾರೆನ್ಸ್ ಅವರು ಭೂತಗನ್ನಡಿಯನ್ನು ಹಿಂತಿರುಗಿಸಿದರು. "ನಿಮ್ಮ ಇದ್ದಿಲು, ಮೂರ್ತಿಯವರೇ, ನೀವೇ ಹೇಳಿ," ಎಂದರು, ಅಷ್ಟೇ.

ಹೊರಗೆ ಯಾರೋ, "ಹೌ ಈಸ್ ಇಡ್ಲಿ?" ಎಂದು ಕೂಗಿದರು.

ನಾನು ಡಬ್ಬಕ್ಕೆ ಮುಚ್ಚಳ ಹಾಕಿದೆ. "ಮೆಣಸಿನಕಾಯಿ ಆದ್ಮೇಲೆ ಹಾಕಿಸ್ಬಾರ್ದು," ಎಂದೆ. ಲಾರೆನ್ಸ್ ಅವರಿಗೆ ಅರ್ಥವಾಗಲಿಲ್ಲ. ವಿಮಲಾಳಿಗೆ ಆಯಿತು. ಅವಳು ಡಬ್ಬವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕಾರಿಗೆ ಒಯ್ದಳು. ಆ ಇದ್ದಿಲೆಲ್ಲ ಅವಳ ಕರಿಬೇವಿನ ಕುಂಡಕ್ಕೆ ಹೋಯಿತು. ಗಿಡ ಈಗ ಸೂರು ಮುಟ್ಟುವಷ್ಟು ಬೆಳೆದಿದೆ. ಪೀಪಾಯಿಯನ್ನೂ ಗುಂಡುಗಳನ್ನೂ ಬದಲಾಯಿಸಿದೆ. ಗಾಳಿಯ ರೆಕ್ಕೆಯ ನಂತರ ನನ್ನ ಗಿರಣಿಯ ಎರಡನೆಯ ಸುಧಾರಣೆ ಅದು.

ಪ್ರದರ್ಶನದ ಸಂಜೆ ಬಯಲು ತುಂಬಿತ್ತು. ಅಟ್ಲಾಂಟಾದಿಂದಲೂ ಕನ್ನಡದವರು ಡ್ರೈವ್ ಮಾಡಿಕೊಂಡು ಬಂದಿದ್ದರು. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಚುರುಮುರಿ. ಕತ್ತಲಾಗುತ್ತಲೇ ಲಾರೆನ್ಸ್ ಅವರ ಬಾಣಗಳು ಒಂದರ ಹಿಂದೊಂದು ಏರಿದವು, ಕೆಂಪು, ಹಸಿರು, ಮತ್ತೆ ಕೆಂಪು. ಒಂದರ ಹೊಗೆ ಆರುವ ಮೊದಲೇ ಇನ್ನೊಂದು. ನನ್ನ ಜಾಗಕ್ಕೆ ಅವರು ಬೇರೇನಾದರೂ ತುಂಬಿರುತ್ತಾರೆಂದು ನಾನು ಕೇಳಲೂ ಹೋಗಿರಲಿಲ್ಲ.

ನಡುವೆ ಒಮ್ಮೆ ಆಕಾಶ ನಿಂತಿತು.

ಏನೂ ಹಾರಲಿಲ್ಲ. ಹೊಗೆ ಗಾಳಿಗೆ ಸರಿದು ಹೋಯಿತು. ಜನ ತಲೆಯೆತ್ತಿ ಕಾದರು. ಆಮೇಲೆ ಪಿಸುಗುಟ್ಟಿದರು. ಹಿಂದಿನ ಕುರ್ಚಿಯಲ್ಲಿ ಒಬ್ಬರು, "ವೈರ್ ಏನೋ ಕಟ್ ಆಗಿರ್ಬೇಕು" ಎಂದರು. ಮರಗಳ ಕಡೆಯಿಂದ ಜೀರುಂಡೆಯ ಸದ್ದು ಕೇಳತೊಡಗಿತು. ನಾನು ಬಯಲಿನ ಅಂಚಿನಲ್ಲಿ ನಿಂತಿದ್ದ ಲಾರೆನ್ಸ್ ಅವರ ಕಡೆ ನೋಡಿದೆ. ಅವರು ಯಾವ ವೈರನ್ನೂ ತಡಕುತ್ತಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಖಾಲಿ ಆಕಾಶವನ್ನು ನೋಡುತ್ತ ನಿಂತಿದ್ದರು, ಅಂದು ಆರತಿಯ ಹೊತ್ತಿನಲ್ಲಿ ನಿಂತಂತೆ.

ವಿಮಲಾ ನನ್ನ ಕಡೆ ವಾಲಿದಳು. "ಇದೇನಾ ನಿಮ್ಮದು?"

"ಹೂಂ," ಎಂದೆ. "ಇದೇ."

ಅವಳು ತಲೆಯೆತ್ತಿ ಆ ಕರಿ ಆಕಾಶವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

"ಚೆನ್ನಾಗಿದೆ ರೀ," ಎಂದಳು. "ಜಡೆ ಇದೆ. ಮೊಗ್ಗೊಂದೇ ಇಲ್ಲ."